ಕೂಗದ ಕುಕ್ಕರ್

ಕುಕ್ಕರಿಗೆ ನೀರು ಹಾಕೋದು ಮರೆತ್ರೆ ಕೂಗೋದೇ ಇಲ್ಲ, ತಳ ಸೀದ ಮೇಲೇ ಗೊತ್ತಾಗೋದು. ಗುಬ್ಬಿಯಿಂದ ಕುಣಿಗಲ್‌ಗೆ ಹೋಗ್ವಾಗ ನಮ್ಮ ಕಾರಿಗೂ ಹಂಗೇ ಆಯ್ತು ಕಣ್ರಮ್ಮ. ಪೈಪು ಒಡೆದು ಕೂಲೆಂಟೆಲ್ಲಾ ಸೋರೋಗಿತ್ತು. ಬಿಸಿ ಅಳೆಯೋ ಸೆನ್ಸರ್ ನೀರಲ್ಲಿ ಮುಳುಗಿದ್ರೆ ತಾನೇ ಸರಿಯಾಗಿ ಹೇಳೋದು? ದೀಪ ಹತ್ತೋ ಹೊತ್ಗೆ ಇಂಜಿನ್ ಹೆಡ್ಡೇ ಸೊಟ್ಟಗಾಗಿತ್ತು.

ನೀರಿನ ಮಟ್ಟ ನೋಡೋ ಸೆನ್ಸರ್ ಇದ್ದಿದ್ರೆ ಮೊದ್ಲೇ ಹೇಳ್ತಿತ್ತು. ಹೊಸದೇನಲ್ಲ, ಕೆಲವು ಕಾರಲ್ಲಿ ಐತೆ. ಎಲ್ಲಾದಕ್ಕೂ ಯಾಕೆ ಹಾಕಲ್ಲ? ಒಂದಕ್ಕೆ ಕಮ್ಮಿ ಕಾಸಾದ್ರೂ ಕಂಪ್ನಿಯೋರು ಲಕ್ಷ ಕಾರಿಗೆ ಗುಣಿಸಿ ನೋಡ್ತಾರೆ. ವಾರಂಟಿ ಮುಗಿದ್ಮೇಲೆ ಇಂಜಿನ್ ಹೋದ್ರೆ ದುಡ್ಡು ನಮ್ದು ತಾನೇ?

2019ರ ಜುಲೈಯಿಂದ ರಿವರ್ಸ್ ಸೆನ್ಸರ್ ಕಡ್ಡಾಯ ಅಂತ ಸರ್ಕಾರ ಅಂದ್ಮೇಲೆ ಎಲ್ರೂ ಹಾಕಿದ್ರಲ್ಲ? ಇದಕ್ಕೂ ಕಾನೂನು ಬರ್ಬೇಕು. ಅಲ್ಲೀಗಂಟ ವಾರಕ್ಕೊಂದ್ಸಲ, ಇಂಜಿನ್ ತಣ್ಣಗಿದ್ದಾಗ, ಕೂಲೆಂಟ್ ಡಬ್ಬಿ ನೀವೇ ನೋಡ್ಕಳ್ರಿ.