ಬೇಸಿಕ್ ಮ್ಯಾಥ್ಸೋ, ಮ್ಯಾಥ್ಸೋ? ಪುಸ್ತಕ ತೆರೆದು ನೋಡಿ ಹೇಳಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಕಾಲೇಜಿನ ಆಫೀಸಿನ ಮುಂದೆ ಉದ್ದ ಸಾಲು ನಿಂತಿರುತ್ತದೆ. ಎಲ್ಲರ ಕೈಯಲ್ಲೂ ಮಾರ್ಕ್ಸ್ ಕಾರ್ಡ್, ಟಿ.ಸಿ., ಆದಾಯ ಪ್ರಮಾಣಪತ್ರ, ನಾಲ್ಕು ಫೋಟೊ. ಅರ್ಜಿಯಲ್ಲಿ ವಾಣಿಜ್ಯ ವಿಭಾಗ ಎಂದು ಬರೆದ ಮೇಲೆ ಕೆಳಗೆ ಕಾಂಬಿನೇಷನ್ ಎಂಬ ಜಾಗ ಇರುತ್ತದೆ. ಬೇಸಿಕ್ ಮ್ಯಾಥ್ಸ್ ಬೇಕೋ, ಮ್ಯಾಥ್ಸ್ ಬೇಕೋ ಎಂದು ಅಲ್ಲಿ ತುಂಬಬೇಕು. ಎರಡು ವರ್ಷ ಓದಬೇಕಾದ ವಿಷಯವನ್ನು ನಮ್ಮಲ್ಲಿ ಬಹಳ ಜನ ಆ ಸಾಲಿನಲ್ಲಿ ನಿಂತೇ, ಎರಡು ನಿಮಿಷದಲ್ಲಿ ತೀರ್ಮಾನ ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದೆ. ಮುಂದಿನ ಸಲ ಆ ಸಾಲಿನಲ್ಲಿ ನಿಲ್ಲುವವರು ಹಾಗೆ ಮಾಡಬಾರದು ಎಂದು ಈ ಲೇಖನ ಬರೆಯುತ್ತಿದ್ದೇನೆ.

ನಾನು ಹತ್ತನೇ ತರಗತಿವರೆಗೆ ಉರ್ದು ಮಾಧ್ಯಮದಲ್ಲಿ ಓದಿದವರಲ್ಲಿ ಒಬ್ಬ. ಗಣಿತದಲ್ಲಿ ನೂರಕ್ಕೆ 84 ಬಂದಿತ್ತು. ಅಂದು ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ಪರಿಚಯದ ಹಿರಿಯರೊಬ್ಬರು ಅಬ್ಬಾಗೆ ಹೇಳಿದರು: “ಉರ್ದು ಮೀಡಿಯಂ ಮಕ್ಕಳಿಗೆ ಮ್ಯಾಥ್ಸ್ ಕಷ್ಟ ಆಗುತ್ತೆ ಭಾಯ್. ಬೇಸಿಕ್ ಹಾಕಿಸಿ. ಅದರಲ್ಲಿ ಕ್ಯಾಲ್ಕುಲಸ್ ಗೀಲ್ಕುಲಸ್ ಏನೂ ಇರಲ್ಲ.” ಅಬ್ಬಾ ನನ್ನ ಮುಖ ನೋಡಿದರು. ನಾನು “ಜೀ ಅಬ್ಬಾ” ಎಂದೆ. ಅಷ್ಟೇ ಆದದ್ದು.

ಆ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಅವರು ಹೇಳಿದ ಎರಡೂ ಮಾತು ತಪ್ಪಾಗಿದ್ದವು. ಮೊದಲ ಮಾತಿಗೆ ಆಮೇಲೆ ಬರುತ್ತೇನೆ. ಎರಡನೆಯದು ತಪ್ಪು ಎಂದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು. ಏಕೆಂದರೆ ಪ್ರಥಮ ಪಿಯುಸಿಯ ಬೇಸಿಕ್ ಮ್ಯಾಥ್ಸ್‌ನಲ್ಲಿ ಸರಳ ಬಡ್ಡಿ, ಚಕ್ರಬಡ್ಡಿ, ಲಾಗರಿದಮ್, ಶ್ರೇಢಿ, ಸರಾಸರಿ, ಲಾಭ-ನಷ್ಟ, ಸರಳ ರೇಖೆ ಇಂಥವೇ ಇರುತ್ತವೆ. ಇದು ಹೈಸ್ಕೂಲಿನದೇ ಮುಂದುವರಿಕೆ ಎಂದು ನಾವೆಲ್ಲ ನಿಶ್ಚಿಂತೆಯಿಂದ ಇದ್ದೆವು. ದ್ವಿತೀಯ ಪಿಯುಸಿ ಪುಸ್ತಕದ ಕೊನೆಯ ಭಾಗ ತೆರೆದರೆ ಲಿಮಿಟ್ಸ್, ಡಿಫರೆನ್ಷಿಯೇಶನ್, ಅದರ ಉಪಯೋಗಗಳು, ಇಂಟಿಗ್ರೇಶನ್, ವಕ್ರರೇಖೆಯ ಕೆಳಗಿನ ವಿಸ್ತೀರ್ಣ. ಕ್ಯಾಲ್ಕುಲಸ್‌ನಿಂದ ತಪ್ಪಿಸಿಕೊಳ್ಳಲು ಬೇಸಿಕ್ ತೆಗೆದುಕೊಂಡ ನಮ್ಮ ಬೆಂಚಿನ ಮೂವರೂ ಅಂದು ಮುಖ ಮುಖ ನೋಡಿಕೊಂಡೆವು.

ಹಾಗಾದರೆ ಎರಡಕ್ಕೂ ವ್ಯತ್ಯಾಸ ಏನು? ಕ್ಯಾಲ್ಕುಲಸ್ ಎರಡರಲ್ಲೂ ಇದೆ. ಎಷ್ಟು ಆಳಕ್ಕೆ ಹೋಗುತ್ತದೆ, ಅದರ ಜೊತೆಗೆ ಇನ್ನೇನು ಬರುತ್ತದೆ ಎಂಬುದೇ ಬೇರೆ. ಮ್ಯಾಥ್ಸ್ ಎಂದರೆ ಸೈನ್ಸ್‌ನವರು ಓದುವ ಅದೇ ಪುಸ್ತಕ. ಅದರಲ್ಲಿ ಪ್ರಥಮ ವರ್ಷದಲ್ಲೇ ಲಿಮಿಟ್ಸ್ ಮತ್ತು ಡಿಫರೆನ್ಷಿಯೇಶನ್ ಶುರುವಾಗುತ್ತದೆ. ಎರಡನೇ ವರ್ಷ ವಿಲೋಮ ತ್ರಿಕೋನಮಿತಿ, ಅವಕಲ ಸಮೀಕರಣಗಳು, ವೆಕ್ಟರ್, ಮೂರು ಆಯಾಮದ ಜ್ಯಾಮಿತಿ ಎಲ್ಲ ಬರುತ್ತವೆ. ಈ ಅಧ್ಯಾಯಗಳು ಬೇಸಿಕ್‌ನಲ್ಲಿಲ್ಲ. ಅದರ ಬದಲು ಬಿಲ್ ಡಿಸ್ಕೌಂಟಿಂಗ್, ಷೇರು ಮತ್ತು ಸ್ಟಾಕ್, ಅನುಪಾತ, ಲರ್ನಿಂಗ್ ಕರ್ವ್ ಇವೆ. ವ್ಯಾಪಾರದ ಲೆಕ್ಕಕ್ಕೆ ಬೇಕಾದ ಈ ಪಾಠಗಳು ಮ್ಯಾಥ್ಸ್‌ನಲ್ಲಿಲ್ಲ.

ಬೇಸಿಕ್‌ನಲ್ಲಿರುವ ಕ್ಯಾಲ್ಕುಲಸ್ ಕಡಿಮೆ ದರ್ಜೆಯದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಬ್ಬಾ ಟೈಲರ್. ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರ್ಮ್ ಆರ್ಡರ್ ಬರುತ್ತವೆ. ಒಂದು ಲೆಕ್ಕ ನೋಡಿ, ಅಂಕಿಗಳು ಉದಾಹರಣೆಗೆ ಮಾತ್ರ. ದಿನಕ್ಕೆ ಎಕ್ಸ್ ಶರ್ಟ್ ಹೊಲಿದರೆ ಒಟ್ಟು ಖರ್ಚು 2 ಎಕ್ಸ್ ವರ್ಗ + 10 ಎಕ್ಸ್ + 500 ರೂಪಾಯಿ ಎಂದಿಟ್ಟುಕೊಳ್ಳಿ. 20 ಶರ್ಟ್‌ಗೆ ಖರ್ಚು 1500 ರೂಪಾಯಿ, ಅಂದರೆ ಸರಾಸರಿ ಶರ್ಟ್‌ಗೆ 75. ಯಾರೋ ಬಂದು “ಇನ್ನೊಂದು ಶರ್ಟ್ ಹೊಲಿದುಕೊಡಿ, 80 ರೂಪಾಯಿ ಕೊಡುತ್ತೇನೆ” ಎಂದರೆ ಐದು ರೂಪಾಯಿ ಲಾಭ ಎಂದು ಅನಿಸುತ್ತದೆ. ಆದರೆ ಡಿಫರೆನ್ಷಿಯೇಟ್ ಮಾಡಿದರೆ 4 ಎಕ್ಸ್ + 10 ಬರುತ್ತದೆ. ಎಕ್ಸ್ ಜಾಗದಲ್ಲಿ 20 ಹಾಕಿದರೆ 90. ನೇರವಾಗಿ ಲೆಕ್ಕ ಹಾಕಿದರೆ 21ನೇ ಶರ್ಟ್‌ನ ಖರ್ಚು 92 ರೂಪಾಯಿ. ಅಂದರೆ ಆ ಶರ್ಟ್ ಹೊಲಿದರೆ ನಷ್ಟ. ಅರ್ಥಶಾಸ್ತ್ರದ ತರಗತಿಯಲ್ಲಿ ಸೀಮಾಂತ ವೆಚ್ಚ ಎಂದು ಬಾಯಿಪಾಠ ಮಾಡಿದ್ದು ಇದೇ. ಇದನ್ನು ಅಬ್ಬಾಗೆ ತೋರಿಸಿದಾಗ ಅವರು ನಕ್ಕು, “ರಾತ್ರಿ ಓವರ್‌ಟೈಮ್ ಕೂಲಿ ಕೊಡುವವನಿಗೆ ಇದು ಮೊದಲೇ ಗೊತ್ತು ಬೇಟಾ” ಎಂದರು. ಈ ಲೆಕ್ಕಕ್ಕೆ ಬೇಸಿಕ್ ಮ್ಯಾಥ್ಸ್ ಧಾರಾಳ ಸಾಕು.

ನಮ್ಮ ಪ್ರಾರ್ಥನಾ ಸಭೆಯಲ್ಲಿ ಬೀಜಗಣಿತದ ಮಾತು ಬಂದಾಗಲೆಲ್ಲ ಅಲ್ ಖ್ವಾರಿಜ್ಮಿಯ ಹೆಸರು ಹೇಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಕುಳಿತು ಅವರು ಬರೆದ ಆ ಪುಸ್ತಕದ ದೊಡ್ಡ ಭಾಗ ಆಸ್ತಿಯ ವಾರಸುದಾರಿಕೆ ಹಂಚುವ ಲೆಕ್ಕಗಳದ್ದು. ವ್ಯಾಪಾರ, ಪಾಲು, ಜಮೀನು ಅಳತೆ ಇಂಥ ಕೆಲಸಕ್ಕೆ ಜನರಿಗೆ ಬೇಕು ಎಂದೇ ಅವರು ಅದನ್ನು ಬರೆದರು. ಕಾಮರ್ಸ್‌ನವರಿಗೆ ಗಣಿತ ಯಾಕೆ ಎಂದು ಕೇಳುವ ನಮ್ಮವರಿಗೆ ಅಷ್ಟು ನೆನಪಿದ್ದರೆ ಸಾಕು.

ಇನ್ನು ನನ್ನ ಗೆಳೆಯನೊಬ್ಬನ ಕಥೆ. ಅವನು ಸಿ.ಎ. ಮಾಡಬೇಕು ಎಂದು ಮೊದಲೇ ನಿರ್ಧರಿಸಿದ್ದ. ಮನೆಯಲ್ಲಿ “ಬೇಸಿಕ್ ಅಂದರೆ ದಡ್ಡರದು, ಮ್ಯಾಥ್ಸ್ ಹಾಕು” ಎಂದರು. ಹಾಕಿದ. ಈಗ ವಾರಕ್ಕೆ ನಾಲ್ಕು ದಿನ ಮ್ಯಾಥ್ಸ್ ಟ್ಯೂಷನ್, ಅಕೌಂಟೆನ್ಸಿ ಓದಲು ಭಾನುವಾರ ಮಾತ್ರ ಉಳಿಯುತ್ತದೆ. ಸಿ.ಎ. ಫೌಂಡೇಶನ್ ಬರೆಯಲು ಪಿಯುಸಿಯಲ್ಲಿ ಮ್ಯಾಥ್ಸ್ ಇರಲೇಬೇಕು ಎಂಬ ನಿಯಮವಿಲ್ಲ. ಅದರ ಮೂರನೇ ಪತ್ರಿಕೆಯಲ್ಲಿ ವ್ಯವಹಾರ ಗಣಿತ, ತಾರ್ಕಿಕ ಪ್ರಶ್ನೆ, ಸಂಖ್ಯಾಶಾಸ್ತ್ರ ಇರುತ್ತವೆ. ಕ್ಯಾಲ್ಕುಲಸ್ ಪ್ರಾಥಮಿಕ ಮಟ್ಟದ್ದು. ವೆಕ್ಟರ್ ಇಲ್ಲ, ಮೂರು ಆಯಾಮದ ಜ್ಯಾಮಿತಿ ಇಲ್ಲ. ಅವನ ಗುರಿಗೆ ಬೇಸಿಕ್ ಸರಿಯಾಗಿ ಹೊಂದುತ್ತಿತ್ತು.

ನನ್ನದು ಅದರ ತಿರುವುಮುರುವು. ಮೊದಲ ವರ್ಷದ ಕೊನೆಗೆ ನನಗೆ ಅರ್ಥಶಾಸ್ತ್ರದ ರುಚಿ ಹತ್ತಿತು. ಬಿ.ಎ. ಆನರ್ಸ್ ಅರ್ಥಶಾಸ್ತ್ರ ಓದಬೇಕು ಎಂಬ ಆಸೆ ಹುಟ್ಟಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಆ ಕೋರ್ಸಿಗೆ ಸೇರಲು ಸಿಯುಇಟಿ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆಯನ್ನು ಬರೆಯಲೇಬೇಕು. ಆ ಪತ್ರಿಕೆಯ ಪಠ್ಯದಲ್ಲಿ ಅವಕಲ ಸಮೀಕರಣಗಳು ಇವೆ. ನನ್ನ ಪುಸ್ತಕದಲ್ಲಿ ಇಲ್ಲ. ನನಗೆ ಮ್ಯಾಥ್ಸ್ ಬೇಕಿತ್ತು; ನನ್ನ ಗೆಳೆಯನಿಗೆ ಬೇಸಿಕ್ ಬೇಕಿತ್ತು. ಇಬ್ಬರೂ ಬೇರೆಯವರ ಮಾತು ಕೇಳಿದೆವು, ಪುಸ್ತಕ ಮಾತ್ರ ನೋಡಲಿಲ್ಲ.

ಈ ಗೊಂದಲ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಹೈಸ್ಕೂಲುಗಳಲ್ಲಿ ಎಪಿ ಕ್ಯಾಲ್ಕುಲಸ್ ಎಬಿ ಮತ್ತು ಬಿಸಿ ಎಂದು ಎರಡು ಮಟ್ಟಗಳಿವೆ. ಅಲ್ಲಿಯೂ ಮಕ್ಕಳು ಯಾವುದು ತೆಗೆದುಕೊಳ್ಳಲಿ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಅಲ್ಲಿ ಒಂದು ಅನುಕೂಲ ಇದೆ. ಎಬಿಯಲ್ಲಿ ಇರುವುದೆಲ್ಲ ಬಿಸಿಯಲ್ಲಿ ಇದೆ. ಅದರ ಮೇಲೆ ಅನಂತ ಶ್ರೇಣಿಯಂಥ ಒಂದಷ್ಟು ಪಾಠ ಹೆಚ್ಚು. ಹಾಗಾಗಿ ಎಬಿ ಓದಿದವರು ಮುಂದೆ ಬಿಸಿಗೆ ಹತ್ತಬಹುದು. ನಮ್ಮ ಬೇಸಿಕ್ ಮತ್ತು ಮ್ಯಾಥ್ಸ್ ಒಂದೇ ಏಣಿಯ ಎರಡು ಮೆಟ್ಟಿಲುಗಳಲ್ಲ, ಎರಡು ಬೇರೆ ದಾರಿಗಳು. ಬೇಸಿಕ್‌ನಲ್ಲಿ ಒಂದು ವರ್ಷ ಕಳೆದವರು ಪ್ರಥಮ ಪಿಯುಸಿ ಮ್ಯಾಥ್ಸ್‌ನ ಲಿಮಿಟ್ಸ್ ಓದಿರುವುದೇ ಇಲ್ಲ. ಆದ್ದರಿಂದ ಆಯ್ಕೆಯನ್ನು ಜೂನ್ ತಿಂಗಳಲ್ಲೇ ಸರಿಯಾಗಿ ಮಾಡಬೇಕು.

ಹದಿನೈದು-ಹದಿನಾರು ವಯಸ್ಸಿಗೆ ಮುಂದೆ ಏನಾಗಬೇಕು ಎಂದು ಯಾರಿಗೆ ಗೊತ್ತಿರುತ್ತದೆ ಎಂದು ನೀವು ಕೇಳಬಹುದು. ನಿಜ, ನನಗೂ ಗೊತ್ತಿರಲಿಲ್ಲ. ನನ್ನ ಅಭಿಪ್ರಾಯ ಹೀಗಿದೆ. ಸಿ.ಎ., ಬಿ.ಕಾಂ., ಬಿ.ಬಿ.ಎ., ಮನೆಯ ವ್ಯಾಪಾರ ಎಂದು ಮನಸ್ಸು ಗಟ್ಟಿ ಇರುವವರು ಬೇಸಿಕ್ ತೆಗೆದುಕೊಂಡು ಅಕೌಂಟೆನ್ಸಿಗೆ ಹೆಚ್ಚು ಸಮಯ ಕೊಡಿ. ಅರ್ಥಶಾಸ್ತ್ರ ಆನರ್ಸ್, ಸಂಖ್ಯಾಶಾಸ್ತ್ರ, ಆಕ್ಚುವರಿ, ಡೇಟಾ ಸೈನ್ಸ್ ಎಂಬ ಯೋಚನೆ ಇರುವವರು ಮ್ಯಾಥ್ಸ್ ತೆಗೆದುಕೊಳ್ಳಿ. ಏನೂ ಗೊತ್ತಿಲ್ಲ, ಆದರೆ ಹತ್ತನೇ ತರಗತಿಯ ಬೀಜಗಣಿತ ಮಾಡುವಾಗ ಬೇಸರ ಬರುತ್ತಿರಲಿಲ್ಲ ಎನ್ನುವವರು ಮ್ಯಾಥ್ಸ್‌ನಿಂದ ಶುರು ಮಾಡಿ. ಮೊದಲ ಕೆಲವು ವಾರಗಳಲ್ಲಿ ಮ್ಯಾಥ್ಸ್‌ನಿಂದ ಬೇಸಿಕ್‌ಗೆ ಇಳಿಯುವುದು ಸುಲಭ, ಆಮೇಲೆ ಬೇಸಿಕ್‌ನಿಂದ ಮ್ಯಾಥ್ಸ್‌ಗೆ ಹತ್ತುವುದು ಕಷ್ಟ. ಯಾವುದೇ ಕೋರ್ಸಿನ ಅರ್ಹತೆಯಲ್ಲಿ ‘ಗಣಿತ’ ಎಂದು ಬರೆದಿದ್ದರೆ, ಬೇಸಿಕ್ ಮ್ಯಾಥ್ಸ್ ನಡೆಯುತ್ತದೆಯೇ ಎಂದು ಆ ಕಾಲೇಜನ್ನೇ ಮೊದಲು ಕೇಳಿಕೊಳ್ಳಿ.

ಈಗ ಆ ಹಿರಿಯರ ಮೊದಲ ಮಾತು: ಉರ್ದು ಮೀಡಿಯಂ ಮಕ್ಕಳಿಗೆ ಮ್ಯಾಥ್ಸ್ ಕಷ್ಟ ಎಂಬುದು. ಮೊದಲ ಎರಡು ತಿಂಗಳು ನನಗೆ ಕಷ್ಟವಾದದ್ದು ನಿಜ. ಆದರೆ ಯಾವ ವಿಷಯದಲ್ಲಿ ಹೆಚ್ಚು ಕಷ್ಟವಾಯಿತು ಗೊತ್ತೇ? ಬಿಸಿನೆಸ್ ಸ್ಟಡೀಸ್‌ನಲ್ಲಿ. ಅಲ್ಲಿ ಪುಟಗಟ್ಟಲೆ ಇಂಗ್ಲಿಷ್ ಓದಬೇಕು, ಬರೆಯಬೇಕು. ಗಣಿತದ ತರಗತಿಯಲ್ಲಿ ಸರ್ ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಶುರು ಮಾಡಿದರೆ ಕೂಡುವ ಚಿಹ್ನೆ, ಕಳೆಯುವ ಚಿಹ್ನೆ ನನಗೆ ಗೊತ್ತಿದ್ದವೇ. ಹೊಸ ಪದಗಳು ಐವತ್ತೋ ಅರವತ್ತೋ ಇದ್ದವು. ನೋಟ್ ಬುಕ್ಕಿನ ಕೊನೆಯ ಹಾಳೆಯಲ್ಲಿ ಇಂಗ್ಲಿಷ್, ಕನ್ನಡ, ಉರ್ದು ಮೂರರಲ್ಲೂ ಬರೆದುಕೊಂಡೆ. ದಸರಾ ರಜೆಯ ಹೊತ್ತಿಗೆ ಆ ಹಾಳೆ ತೆರೆಯುವ ಅಗತ್ಯವೇ ಬೀಳಲಿಲ್ಲ. ಹಾಗಾಗಿ ಮಾಧ್ಯಮ ನೋಡಿ ಮಕ್ಕಳಿಗೆ ವಿಷಯ ಹಂಚಬೇಡಿ ಎಂದು ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ. ಉರ್ದು ಮತ್ತು ಕನ್ನಡ ಮಾಧ್ಯಮದಿಂದ ಬರುವ ಎಷ್ಟೋ ಮಕ್ಕಳು ನನ್ನ ಹಾಗೆ ‘ಜೀ’ ಎಂದುಬಿಡುತ್ತಾರೆ.

ನಮ್ಮ ಪ್ರಾಂಶುಪಾಲರು ಮತ್ತು ಉಪನ್ಯಾಸಕರಲ್ಲಿ ಎರಡು ವಿನಂತಿ. ಅಡ್ಮಿಷನ್ ದಿನಗಳಲ್ಲಿ ಆಫೀಸಿನ ಪಕ್ಕದ ಕೋಣೆಯಲ್ಲಿ ಒಂದು ಮೇಜು ಹಾಕಿ, ಎರಡೂ ವಿಷಯಗಳ ಪ್ರಥಮ ಮತ್ತು ದ್ವಿತೀಯ ವರ್ಷದ ನಾಲ್ಕು ಪುಸ್ತಕ ಇಡಬೇಕು. ಅರ್ಜಿ ತುಂಬುವ ಮೊದಲು ಮಕ್ಕಳು ಮತ್ತು ಪೋಷಕರು ಹತ್ತು ನಿಮಿಷ ಅವನ್ನು ತಿರುವಿ ನೋಡಲಿ. ಎರಡನೆಯದಾಗಿ, ಮೊದಲ ಕಿರುಪರೀಕ್ಷೆಯವರೆಗೆ ವಿಷಯ ಬದಲಿಸಲು ನಿಯಮದೊಳಗೆ ಎಷ್ಟು ಅವಕಾಶ ಇದೆಯೋ ಅಷ್ಟನ್ನು ನೋಟಿಸ್ ಬೋರ್ಡಿನಲ್ಲಿ ಸ್ಪಷ್ಟವಾಗಿ ಹಾಕಬೇಕು. ಇದಕ್ಕೆ ಖರ್ಚೇನೂ ಇಲ್ಲ. ಮೇಜಿನ ಬಳಿ ಕೂರಲು ಜನ ಬೇಕಾದರೆ ನಾನು ಮತ್ತು ನನ್ನ ಆ ಗೆಳೆಯ ಇಬ್ಬರೂ ತಯಾರಿದ್ದೇವೆ. ಒಬ್ಬೊಬ್ಬರು ಒಂದೊಂದು ಕಡೆ ತಪ್ಪು ಮಾಡಿದವರಾದ್ದರಿಂದ ಎರಡೂ ಕಡೆಯ ಮಾತು ಹೇಳಬಹುದು.

ನಾನು ಈಗ ಸೈನ್ಸ್ ವಿಭಾಗದ ಗೆಳೆಯನೊಬ್ಬನ ಹಳೆಯ ಪುಸ್ತಕ ತಂದು ಅವಕಲ ಸಮೀಕರಣಗಳ ಅಧ್ಯಾಯವನ್ನು ಸ್ವಂತ ಓದುತ್ತಿದ್ದೇನೆ. ಮಧ್ಯಾಹ್ನ ನಮಾಜ್ ಮತ್ತು ಊಟ ಮುಗಿದ ಮೇಲೆ ಗ್ರಂಥಾಲಯದ ಕಿಟಕಿ ಪಕ್ಕದ ಮೇಜಿನಲ್ಲಿ ಇರುತ್ತೇನೆ. ಮೊದಲ ಎರಡು ಅಭ್ಯಾಸ ಮುಗಿದಿವೆ, ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಸಿಯುಇಟಿವರೆಗೆ ಮುಗಿಸುತ್ತೇನೆ, ಇನ್‌ಶಾ ಅಲ್ಲಾಹ್. ನನ್ನಂತೆ ಬೇಸಿಕ್ ತೆಗೆದುಕೊಂಡು ಆಮೇಲೆ ಮ್ಯಾಥ್ಸ್ ಬೇಕಿತ್ತು ಎನ್ನುವವರು ಇನ್ನೂ ಯಾರಾದರೂ ಇದ್ದರೆ ಬನ್ನಿ, ಆ ಮೇಜಿನಲ್ಲಿ ಇನ್ನೂ ಮೂರು ಕುರ್ಚಿ ಖಾಲಿ ಇವೆ.