ಹಗುರ ಕಾರು, ಹಗುರ ಸಾಲ

ಕಾರು ಕೊಳ್ಳಹೊರಟವರು ಈಗ ಕೇಳುವುದು ಮೂರೇ ಪ್ರಶ್ನೆ. ಮೈಲೇಜ್ ಎಷ್ಟು, ಒಳಗಿನ ಪರದೆ ಎಷ್ಟು ಇಂಚು, ಚಾವಣಿಯಲ್ಲಿ ಗಾಜಿನ ಕಿಟಕಿ ಇದೆಯೆ? ಓಡಿಸಲು ಹೇಗಿದೆ ಎಂದು ಕೇಳುವವರು ವಿರಳ. ಕೇಳಿದರೂ ಅಂಗಡಿಯ ಹುಡುಗ ಕೊಡುವ ಉತ್ತರ ಅಶ್ವಶಕ್ತಿಯ ಲೆಕ್ಕದಲ್ಲಿರುತ್ತದೆ. ನೂರಹದಿನೈದು ಕುದುರೆಗಳಿದ್ದರೆ ಮಜಾ, ಎಂಬತ್ತಿದ್ದರೆ ಸಪ್ಪೆ. ಹೆಚ್ಚು ಕುದುರೆಗೆ ಹೆಚ್ಚು ಹಣ ಎಂಬುದು ಮುಂದಿನ ಮಾತು.

ನಮ್ಮ ಶಾಲೆಗೆ ಹೊಸದಾಗಿ ಬಂದ ಗಣಿತದ ಮೇಷ್ಟರೊಬ್ಬರು ಇಂಥದೇ ಎತ್ತರದ ಗಾಡಿಯೊಂದರ ಬೆಲೆಪಟ್ಟಿಯನ್ನು ಸ್ಟಾಫ್ ರೂಮಿಗೆ ತಂದಿದ್ದರು. ಹದಿನಾಲ್ಕು ಲಕ್ಷ. ಅದರಲ್ಲಿ ಹತ್ತು ಲಕ್ಷ ಸಾಲ, ಏಳು ವರ್ಷ. ಇಷ್ಟು ದೊಡ್ಡದು ಯಾಕಪ್ಪಾ ಎಂದರೆ, 'ರಜೆಯಲ್ಲಿ ಘಾಟಿ ಹತ್ತಿಳಿಯಬೇಕು, ಡ್ರೈವಿಂಗ್ ಮಜಾ ಇರಬೇಕು ಸಾರ್' ಎಂದರು. ಆಸೆ ತಪ್ಪಲ್ಲ. ಆದರೆ ಶೇಕಡಾ 9ರ ಬಡ್ಡಿಯಲ್ಲಿ ಆ ಸಾಲದ ಕಂತು ತಿಂಗಳಿಗೆ ಸುಮಾರು 16,100 ರೂಪಾಯಿ. ಏಳು ವರ್ಷದಲ್ಲಿ ಬಡ್ಡಿಯೇ ಮೂರೂವರೆ ಲಕ್ಷ. ಅದೇ ಬಡ್ಡಿದರದಲ್ಲಿ ಐದು ಲಕ್ಷವನ್ನು ನಾಲ್ಕು ವರ್ಷಕ್ಕೆ ತೆಗೆದುಕೊಂಡರೆ ಕಂತು ಹನ್ನೆರಡೂವರೆ ಸಾವಿರದೊಳಗೆ, ಒಟ್ಟು ಬಡ್ಡಿ ಒಂದು ಲಕ್ಷಕ್ಕಿಂತ ಕಡಿಮೆ. ಇಷ್ಟು ಗಣಿತ ಅವರಿಗೆ ನಾನು ಹೇಳಬೇಕಿರಲಿಲ್ಲ. ನಾನು ಹೇಳಿದ್ದು ಭೌತಶಾಸ್ತ್ರವನ್ನು.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಗ್ರಾಹಕರ ಕೈಗೆ ಕೊಟ್ಟರು. ಅದರ ಎಂಜಿನ್ 796 ಸಿ.ಸಿ., ಮೂರೇ ಸಿಲಿಂಡರು, ನಲವತ್ತು ಅಶ್ವಶಕ್ತಿಯೂ ಇಲ್ಲ. ಅಂಬಾಸಿಡರಿನ ಪೆಟ್ರೋಲ್ ಎಂಜಿನ್ 1489 ಸಿ.ಸಿ., ಹೆಚ್ಚುಕಡಿಮೆ ಎರಡು ಪಟ್ಟು. ಆದರೂ ಅಂಬಾಸಿಡರಿನಿಂದಿಳಿದು ಮಾರುತಿ ಹತ್ತಿದವರು 'ಇದು ಹಾರುತ್ತದೆ' ಎಂದರು. ಕಾರಣ ಎಂಜಿನ್ನಿನಲ್ಲಿಲ್ಲ, ತೂಕದ ತಕ್ಕಡಿಯಲ್ಲಿದೆ. ಮಾರುತಿ ಸುಮಾರು 650 ಕಿಲೋ, ಅಂಬಾಸಿಡರ್ 1100ಕ್ಕೂ ಹೆಚ್ಚು. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ ಎಂದು ಒಂಬತ್ತನೇ ತರಗತಿಯ ಹುಡುಗರು ಬಾಯಿಪಾಠ ಹೇಳುತ್ತಾರೆ. ಭಾಜಕವನ್ನು ಚಿಕ್ಕದು ಮಾಡಿದರೂ ಭಾಗಲಬ್ಧ ದೊಡ್ಡದಾಗುತ್ತದೆ ಎಂಬುದು ಮಾತ್ರ ಕಾರು ಕೊಳ್ಳುವಾಗ ನೆನಪಿಗೆ ಬರುವುದಿಲ್ಲ.

ಇದೇನೂ ನಮ್ಮಲ್ಲೇ ಮೊದಲು ಕಂಡ ಸತ್ಯವಲ್ಲ. ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೊನಿಸ್ ಎಂಬ ಎಂಜಿನಿಯರ್ 1959ರಲ್ಲಿ ಮಿನಿ ಎಂಬ ಪುಟ್ಟ ಕಾರನ್ನು ಹೊರತಂದ. 848 ಸಿ.ಸಿ. ಎಂಜಿನ್ನನ್ನು ಅಡ್ಡಡ್ಡವಾಗಿ ಕೂರಿಸಿದ, ಹತ್ತು ಇಂಚಿನ ಚಕ್ರಗಳನ್ನು ನಾಲ್ಕು ಮೂಲೆಗೆ ತಳ್ಳಿದ. ಉದ್ದೇಶ ಪೆಟ್ರೋಲ್ ಉಳಿಸುವುದು. ಸೂಯೆಜ್ ಬಿಕ್ಕಟ್ಟಿನ ನಂತರದ ಕಾಲವದು. ಆದರೆ ಅದೇ ಕಾರಿನ ಕೂಪರ್ ಎಸ್ ಎಂಬ ರೂಪ 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನೇ ಗೆದ್ದಿತು. ಅದು ಹಿಮ ಬಿದ್ದ ಬೆಟ್ಟದ ತಿರುವುಗಳ ಸ್ಪರ್ಧೆ. ಅಲ್ಲಿ ದೊಡ್ಡ ಎಂಜಿನ್ನುಗಳ ಆಟ ನಡೆಯಲಿಲ್ಲ. ನಮ್ಮಲ್ಲಿ 1993ರಲ್ಲಿ ಬಂದ ಮಾರುತಿ ಜೆನ್ ಇದೇ ಜಾತಿಯದು. ಅಲ್ಯುಮಿನಿಯಂ ಎಂಜಿನ್, 993 ಸಿ.ಸಿ., ಐವತ್ತು ಅಶ್ವಶಕ್ತಿ, ಮುಕ್ಕಾಲು ಟನ್ನಿನ ಆಸುಪಾಸು ತೂಕ. ಅದನ್ನು ಓಡಿಸಿದವರ ಮುಂದೆ ಇವತ್ತಿಗೂ ಅದರ ಹೆಸರೆತ್ತಿ ನೋಡಿ, ಮುಖ ಅರಳುತ್ತದೆ.

ಈಗಿನ ಲೆಕ್ಕಕ್ಕೆ ಬರೋಣ. 2024ರಲ್ಲಿ ಬಂದ ಹೊಸ ಸ್ವಿಫ್ಟ್‌ನದು ಸುಮಾರು 80 ಅಶ್ವಶಕ್ತಿ, ಸುಮಾರು 925 ಕಿಲೋ. ಟನ್ನಿಗೆ 86 ಕುದುರೆಗಳು. ಮೇಷ್ಟರ ಎತ್ತರದ ಗಾಡಿಯದು 115 ಅಶ್ವಶಕ್ತಿ, 1250 ಕಿಲೋ. ಟನ್ನಿಗೆ 92. ಹೆಚ್ಚುಕಡಿಮೆ ಎರಡು ಪಟ್ಟು ಹಣ ಕೊಟ್ಟು ಟನ್ನಿಗೆ ಆರು ಕುದುರೆ ಹೆಚ್ಚಿಗೆ ಕೊಂಡಂತಾಯಿತು! ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಮುನ್ನೂರು ಕಿಲೋ ಸೇರುತ್ತದೆ, ಆಗ ಹಗುರ ಕಾರಿಗೇ ಪೆಟ್ಟು ಜಾಸ್ತಿ: ಟನ್ನಿಗೆ 65ಕ್ಕೆ ಇಳಿಯುತ್ತದೆ, ದೊಡ್ಡದು 74ರಲ್ಲಿ ನಿಲ್ಲುತ್ತದೆ. ಸದಾ ಮನೆಮಂದಿಯೆಲ್ಲ ಸೇರಿ ಹೋಗುವವರು ಇದನ್ನು ಗಮನಿಸಬೇಕು. ಆದರೆ ನಿಮ್ಮ ಊರಿನ ರಸ್ತೆಯಲ್ಲಿ ಒಮ್ಮೆ ನಿಂತು ನೋಡಿ, ಎಷ್ಟು ಕಾರುಗಳಲ್ಲಿ ನಾಲ್ಕು ತಲೆ ಕಾಣುತ್ತವೆ?

ಇನ್ನು ಘಾಟಿ. ಆಗುಂಬೆಯಲ್ಲಿ ಹದಿನಾಲ್ಕು ತಿರುವುಗಳಿವೆ. ಅಲ್ಲಿ ವೇಗವನ್ನು ನಿರ್ಧರಿಸುವುದು ರಸ್ತೆಯೇ ಹೊರತು ಎಂಜಿನ್ ಅಲ್ಲ. ಹತ್ತು ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ತಿರುಗಿದರೆ ಪಕ್ಕದ ವೇಗೋತ್ಕರ್ಷ ಗುರುತ್ವದ ಅರ್ಧದಷ್ಟಾಗುತ್ತದೆ. ಐವತ್ತು ಕಿಲೋ ತೂಗುವವರಿಗೆ ಇಪ್ಪತ್ತೈದು ಕಿಲೋ ಭಾರ ಪಕ್ಕಕ್ಕೆ ಒತ್ತಿದಂತೆ. ಬರೀ 25 ಕಿ.ಮೀ.ಗೇ! ಮಳೆ ಬಿದ್ದ ರಸ್ತೆಯಲ್ಲಿ ಟಯರಿನ ಹಿಡಿತದ ಮಿತಿ ಇದಕ್ಕಿಂತ ಬಹಳ ಮೇಲೇನಿಲ್ಲ. ಈ ಲೆಕ್ಕದಲ್ಲಿ ಕಾರಿನ ತೂಕ ಎರಡೂ ಕಡೆ ಹೊಡೆದುಹೋಗುತ್ತದೆ. ಹೊಡೆದುಹೋಗದೆ ಉಳಿಯುವುದು ಎತ್ತರ. ಗುರುತ್ವ ಕೇಂದ್ರ ಮೇಲಿದ್ದಷ್ಟೂ ಒಳಚಕ್ರಗಳಿಂದ ಹೊರಚಕ್ರಗಳಿಗೆ ಹೆಚ್ಚು ಭಾರ ವರ್ಗವಾಗುತ್ತದೆ, ಗಾಡಿ ಹೆಚ್ಚು ವಾಲುತ್ತದೆ. ಎತ್ತರದಲ್ಲಿ ಕೂತ ನಿಮ್ಮ ತಲೆ ಲೋಲಕದ ಗುಂಡಿನಂತೆ ಅತ್ತಿತ್ತ ಹೊಯ್ದಾಡುತ್ತದೆ. (ಹಿಂದಿನ ಸೀಟಿನ ಮಕ್ಕಳ ಹೊಟ್ಟೆಯ ಸಂಗತಿ ನಾನು ಹೇಳಬೇಕಾಗಿಲ್ಲ.) ತಗ್ಗಾಗಿ ಕೂತ ಚಿಕ್ಕ ಕಾರು ಇದೇ ತಿರುವಿನಲ್ಲಿ ಸ್ಟೀರಿಂಗ್ ಹೇಳಿದಂತೆ ಕೇಳುತ್ತದೆ, ರಸ್ತೆಯ ಸುದ್ದಿ ಅಂಗೈಗೆ ಬರುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ನನ್ನು ಚೆನ್ನಾಗಿ ಎಳೆಸಿ ಮೂರಕ್ಕೆ ಹಾಕುವ ಸುಖ ಚಿಕ್ಕ ಎಂಜಿನ್ನಿನಲ್ಲಿ ಕಡಿಮೆ ವೇಗದಲ್ಲೇ ಸಿಗುತ್ತದೆ. ದೊಡ್ಡದರಲ್ಲಿ ಅದೇ ಸುಖ ಬೇಕೆಂದರೆ ಪೊಲೀಸರ ಚೀಟಿಯೂ ಜೊತೆಗೆ ಬರುತ್ತದೆ.

ಹಾಗೆಂದು ಎತ್ತರದ ಗಾಡಿ ಯಾರಿಗೂ ಬೇಡ ಎನ್ನಲಾರೆ. ಮಂಡಿನೋವಿನ ಅಪ್ಪ ಅಮ್ಮ ಇರುವವರಿಗೆ, ತೋಟದ ಕೊರಕಲು ದಾರಿಯಲ್ಲಿ ದಿನವೂ ಓಡಾಡುವವರಿಗೆ ಅದು ಉಪಕಾರಿ. ಅದನ್ನು ಮಜಾದ ಹೆಸರಿನಲ್ಲಿ ಕೊಳ್ಳುವುದಕ್ಕೆ ಮಾತ್ರ ನನ್ನ ತಕರಾರು.

ಹಗುರ ಕಾರಿನ ವಿರುದ್ಧ ನಿಜವಾದ ವಾದ ಒಂದೇ. ಅದು ಗಂಭೀರವಾದದ್ದು. 900 ಕಿಲೋದ ಕಾರೂ 1800 ಕಿಲೋದ ಗಾಡಿಯೂ ತಲಾ 50 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಗುದ್ದಿ ಅಂಟಿಕೊಂಡವೆನ್ನಿ. ಸಂವೇಗ ಸಂರಕ್ಷಣೆಯ ಪ್ರಕಾರ ಎರಡೂ ಸೇರಿ ದೊಡ್ಡದರ ದಿಕ್ಕಿನಲ್ಲಿ ಸುಮಾರು 17 ಕಿ.ಮೀ. ವೇಗದಲ್ಲಿ ಸರಿಯುತ್ತವೆ. ದೊಡ್ಡದರೊಳಗಿದ್ದವರ ವೇಗ 33ರಷ್ಟು ಬದಲಾಯಿತು. ಚಿಕ್ಕದರೊಳಗಿದ್ದವರದು 67ರಷ್ಟು, ಅದೂ ಕಣ್ಣೆವೆಯಿಕ್ಕುವಷ್ಟರಲ್ಲಿ. ಇದನ್ನು ಯಾವ ಜಾಹೀರಾತೂ ಅಳಿಸಲಾರದು. ನಕ್ಷತ್ರಗಳ ಶ್ರೇಣಿ ಕೊಡುವ ಗುದ್ದುಪರೀಕ್ಷೆಯಲ್ಲಿ ಕಾರನ್ನು ಗೋಡೆಯಂಥ ತಡೆಗೆ ಗುದ್ದಿಸುತ್ತಾರೆ. ಅದು ತನ್ನಷ್ಟೇ ತೂಕದ ಕಾರಿಗೆ ಗುದ್ದಿದಂತೆ. ಚಿಕ್ಕ ಕಾರಿನ ಐದು ನಕ್ಷತ್ರವೂ ದೊಡ್ಡದರ ಐದು ನಕ್ಷತ್ರವೂ ಆದ್ದರಿಂದ ಒಂದೇ ಅಲ್ಲ.

ಆದರೂ ನಕ್ಷತ್ರ ನೋಡಿಯೇ ಕೊಳ್ಳಬೇಕು, ಏಕೆಂದರೆ ಹಗುರ ಎಂದರೆ ತೆಳು ಎಂದಾಗಬೇಕಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಹಿಂದಿನ ತಲೆಮಾರಿನ ಸ್ವಿಫ್ಟ್‌ಗೆ 2018ರಲ್ಲಿ ಎರಡು ನಕ್ಷತ್ರ, ಕಠಿಣಗೊಂಡ ನಿಯಮದಲ್ಲಿ 2022ರಲ್ಲಿ ಒಂದೇ ಒಂದು ನಕ್ಷತ್ರ ಬಂದಿತ್ತು. ಟಾಟಾ ಟಿಯಾಗೊ 2020ರಲ್ಲೇ, ಹಳೆಯ ನಿಯಮದಲ್ಲಿ, ನಾಲ್ಕು ಗಳಿಸಿತ್ತು. 2024ರ ನವೆಂಬರಿನಲ್ಲಿ ಹೊಸ ಡಿಸೈರ್ ಐದು ಗಳಿಸಿತು. ಹಾಗಾದರೆ ಇದು ಮಾಡಬಹುದಾದ ಕೆಲಸವೇ. ಇಷ್ಟು ದಿನ ಗ್ರಾಹಕರು ಕೇಳಿರಲಿಲ್ಲ, ಅಷ್ಟೆ. ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ 2023ರ ಅಕ್ಟೋಬರಿನಿಂದ ನಡೆಯುತ್ತಿದೆ. ಹಳೆಯ 800 ಅಥವಾ ಜೆನ್ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಭಾನುವಾರ ಬೆಳಿಗ್ಗೆ ಊರೊಳಗೆ ಒಂದು ಸುತ್ತು ಹೋಗಿ ಬರಲಿ. ಮಕ್ಕಳನ್ನು ಕೂರಿಸಿಕೊಂಡು ಲಾರಿಗಳ ಹೆದ್ದಾರಿಗೆ ಬೇಡ.

ಹೊಸತು ಕೊಳ್ಳುವವರಿಗೆ ಒಂದು ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಗೇರಿನ ವಿಷಯದಲ್ಲಿ ನನ್ನ ಓಟು ಕೈಯಿಂದ ಹಾಕುವುದಕ್ಕೇ. ಕ್ಲಚ್ಚಿಲ್ಲದೆ ತಾನೇ ಗೇರು ಬದಲಿಸುವ ಅಗ್ಗದ ಎ.ಎಂ.ಟಿ. 2014ರಲ್ಲಿ ಸೆಲೆರಿಯೊ ಮೂಲಕ ನಮ್ಮಲ್ಲಿಗೆ ಬಂತು. ಪೇಟೆಯ ದಟ್ಟಣೆಯಲ್ಲಿ ಅದು ದೇವರಂಥದು. ಏರಿನಲ್ಲಿ ಮಾತ್ರ ಲಾರಿ ಹಿಂದಿಕ್ಕಬೇಕೆನ್ನುವ ಕ್ಷಣದಲ್ಲೇ ಯೋಚನೆಗೆ ಕೂರುತ್ತದೆ.

ಎರಡನೇ ಕೈ ಕಾರಾದರೆ ಇನ್ನೂ ಅಗ್ಗ, ಇನ್ನೂ ಜಾಣತನ. ನಮ್ಮ ರಾಜ್ಯದಲ್ಲಿ ನೋಂದಾಯಿಸಿದ ಕಾರಾದರೆ ಜೀವಾವಧಿ ತೆರಿಗೆಯನ್ನು ಮೊದಲನೆಯವನೇ ಕಟ್ಟಿರುತ್ತಾನೆ. ಇಲ್ಲಿ ಇಸವಿ ನೋಡುವುದು ಮುಖ್ಯ. ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕು 2019ರ ಏಪ್ರಿಲಿನಿಂದ, ಚಾಲಕನ ಗಾಳಿಚೀಲ ಅದೇ ವರ್ಷದ ಜುಲೈಯಿಂದ ಕಡ್ಡಾಯವಾದವು; ಪಕ್ಕದವರ ಗಾಳಿಚೀಲ ಎಲ್ಲ ಕಾರುಗಳಿಗೂ ಬಂದದ್ದು 2022ರ ಜನವರಿಯಿಂದ. ಆದ್ದರಿಂದ 2022 ಅಥವಾ ಆನಂತರ ತಯಾರಾದದ್ದನ್ನೇ ಹುಡುಕಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ, ನೀವೇ ಸ್ಟಾರ್ಟ್ ಮಾಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆಂದು ಕೇಳಿ. ರೇಡಿಯೊ ಆರಿಸಿ, ಕಿಟಕಿ ಇಳಿಸಿ, ಮನೆಯವರನ್ನೂ ಕೂರಿಸಿಕೊಂಡು ಯಾವುದಾದರೂ ಏರನ್ನು ಎರಡನೇ ಗೇರಿನಲ್ಲಿ ಹತ್ತಿಸಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಸ್ಟೀರಿಂಗಿನ ಹಿಡಿತ ಸ್ವಲ್ಪ ಸಡಿಲಿಸಿ ಯಾವ ಕಡೆ ಎಳೆಯುತ್ತದೆ ನೋಡಿ.

ಕೊನೆಗೆ ಟಯರಿನ ಬಳಿ ಕುಕ್ಕರುಗಾಲಲ್ಲಿ ಕೂರಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 2322 ಎಂದಿದ್ದರೆ ಅದು 2022ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟಯರು. ಮೀಟರು ಇಪ್ಪತ್ತು ಸಾವಿರ ಕಿ.ಮೀ. ಎನ್ನುತ್ತಿದ್ದು ನಾಲ್ಕೂ ಟಯರು ಹೊಚ್ಚಹೊಸತಾಗಿದ್ದರೆ ಮೀಟರನ್ನು ನಂಬಬೇಡಿ. ಒಳ ಅಂಚು ಮಾತ್ರ ಸವೆದಿದ್ದರೆ ಚಕ್ರಗಳ ಹೊಂದಾಣಿಕೆ ತಪ್ಪಿದೆ ಅಥವಾ ಕೆಳಗೆ ಎಲ್ಲೋ ಪೆಟ್ಟು ಬಿದ್ದಿದೆ. ಮೆಕ್ಯಾನಿಕ್ಕಿಗೆ ತೋರಿಸದೆ ಮುಂಗಡ ಕೊಡಬೇಡಿ. ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆಸಿದ್ದಾರೆಯೇ ಎಂದೂ ಅಲ್ಲೇ ನೋಡಿಕೊಳ್ಳಿ.