ರಸ್ತೆ ಬದಿಯಲ್ಲಿ ನಿಂತವರ ಲೆಕ್ಕ

ಕಳೆದ ಡಿಸೆಂಬರ್‌ನ ಒಂದು ಭಾನುವಾರ, ಬೆಳಗಿನ ಐದೂವರೆ ಗಂಟೆ. ಹಾಸನದ ಬೈಪಾಸ್‌ನಲ್ಲಿ ಗೆಳೆಯನ ಬೈಕಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಒಂದು ಕೈಯಲ್ಲಿ ಅವನ ಜಾಕೆಟ್, ಇನ್ನೊಂದು ಕೈಯಲ್ಲಿ ಮೊಬೈಲ್. ಮೀಟರ್ ವಿಡಿಯೊದಲ್ಲಿ ಸರಿಯಾಗಿ ಕಾಣುವಂತೆ ಹಿಡಿಯುವುದು ನನ್ನ ಕೆಲಸ. 'ಎಷ್ಟಾಯ್ತೋ?' ಅಂತ ಅವನು ಕೂಗಿದ. 'ನೂರಾ ಹದಿನೆಂಟು ಮಗಾ!' ಅಂದೆ.

ಅಷ್ಟರಲ್ಲಿ ಮಂಜಿನೊಳಗಿಂದ ಒಂದು ಟಿವಿಎಸ್ ಎಕ್ಸೆಲ್ ರಸ್ತೆಗೆ ಬಂತು. ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿದ್ದರು. ಗೆಳೆಯ ಬಲಕ್ಕೆ ಎಳೆದ, ಅವರು ಎಡಕ್ಕೆ ಎಳೆದರು. ನಮಗೆ ಏನೂ ಆಗಲಿಲ್ಲ. ತಿರುಗಿ ನೋಡಿದಾಗ ಅವರು ಮಣ್ಣಿನಲ್ಲಿ ಬಿದ್ದವರು ಏಳುತ್ತಿದ್ದರು, ಒಂದು ಕ್ಯಾನು ಉರುಳುತ್ತಿತ್ತು. ನಾವು ನಿಲ್ಲಿಸಲಿಲ್ಲ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಹಳೆಯ ಸ್ಪೋರ್ಟ್ಸ್ ಕಾರುಗಳೆಂದರೆ ಹುಚ್ಚು. ಹಾಸ್ಟೆಲ್ ಗೋಡೆಯ ಮೇಲೆ ಸಿನಿಮಾ ನಟರ ಚಿತ್ರವಿಲ್ಲ, 722 ಎಂಬ ಕೆಂಪು ಸಂಖ್ಯೆ ಬರೆದಿರುವ ಬೆಳ್ಳಿ ಬಣ್ಣದ ಮರ್ಸಿಡಿಸ್ ಚಿತ್ರವಿದೆ. ಆ ಭಾನುವಾರ ರೂಮಿಗೆ ಬಂದು ಮಲಗಿದಾಗ ಕಣ್ಣೆದುರಿಗೆ ಅದೇ ಇತ್ತು. ಮೊದಲ ಬಾರಿಗೆ ಅದನ್ನು ನೋಡಿ ಮುಜುಗರವಾಯಿತು. ಈ ಬರಹ ಆ ಮುಜುಗರದ ಬಗ್ಗೆ.

ಇಟಲಿಯಲ್ಲಿ 'ಮಿಲ್ಲೆ ಮಿಲ್ಯಾ' ಎಂಬ ರೇಸ್ ನಡೆಯುತ್ತಿತ್ತು. ಸಾವಿರ ಮೈಲಿ ಎಂದು ಅದರ ಅರ್ಥ. 1927ರಲ್ಲಿ ಶುರುವಾದ ಈ ರೇಸ್‌ಗೆ ಬೇರೆ ಟ್ರ್ಯಾಕ್ ಇರಲಿಲ್ಲ. ಬ್ರೆಶಾ ಊರಿನಿಂದ ಹೊರಟು ರೋಮ್‌ವರೆಗೆ ಹೋಗಿ, ಬೆಟ್ಟ ಹತ್ತಿಳಿದು ಮತ್ತೆ ಬ್ರೆಶಾಕ್ಕೆ ಬರಬೇಕು. ಸುಮಾರು 1,600 ಕಿಲೊಮೀಟರ್. ನಮ್ಮ ಬೀದರ್‌ನಿಂದ ಚಾಮರಾಜನಗರಕ್ಕೆ ಹೋಗಿ ವಾಪಸ್ ಬಂದಷ್ಟು. ಓಡಬೇಕಾದದ್ದು ಊರೊಳಗಿನ ಮಾಮೂಲಿ ರಸ್ತೆಯಲ್ಲೇ. ಅಂಗಡಿ, ಚರ್ಚು, ಸೇತುವೆ, ರೈಲ್ವೆ ಗೇಟು ಎಲ್ಲವೂ ದಾರಿಯಲ್ಲಿ. ಇಕ್ಕೆಲಗಳಲ್ಲಿ ಜಾತ್ರೆಗೆ ಸೇರಿದಂತೆ ಜನ.

ಕಾರುಗಳು ಒಂದರ ಹಿಂದೆ ಒಂದರಂತೆ ಹೊರಡುತ್ತಿದ್ದವು. ಕಾರಿನ ಮೇಲಿನ ಸಂಖ್ಯೆಯೇ ಅದು ಹೊರಡುವ ಸಮಯ. 722 ಎಂದರೆ ಬೆಳಗ್ಗೆ 7 ಗಂಟೆ 22 ನಿಮಿಷ. 1955ರ ಮೇ 1ರಂದು ಆ ಹೊತ್ತಿಗೆ ಹೊರಟವರು ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್. ಆಗ ಅವರಿಗೆ 25 ವರ್ಷ, ನನಗಿಂತ ಐದೇ ವರ್ಷ ದೊಡ್ಡವರು. ಪಕ್ಕದ ಸೀಟಿನಲ್ಲಿ ಕೂತಿದ್ದವರು ಡೆನಿಸ್ ಜೆಂಕಿನ್‌ಸನ್. ಗಡ್ಡ ಬಿಟ್ಟ, ಗಿಡ್ಡನೆಯ, ಕನ್ನಡಕದ ಪತ್ರಕರ್ತ. 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಅವರು ಬ್ರೆಶಾಕ್ಕೆ ಮರಳಿದರು. ಸರಾಸರಿ ವೇಗ ಗಂಟೆಗೆ 157 ಕಿ.ಮೀ.ಗೂ ಹೆಚ್ಚು. ಅದೇ ಮಾದರಿಯ ಕಾರಿನಲ್ಲಿ ಒಬ್ಬರೇ ಓಡಿಸಿ ಎರಡನೇ ಸ್ಥಾನ ಪಡೆದ ಮಹಾನ್ ಚಾಲಕ ಫಾಂಜಿಯೊ ಬಂದದ್ದು ಅರ್ಧ ಗಂಟೆಗೂ ಹೆಚ್ಚು ತಡವಾಗಿ.

ಈ ಅರ್ಧ ಗಂಟೆ ಎಲ್ಲಿಂದ ಬಂತು? ಮಾಸ್ ಅವರ ಕೈಚಳಕ ಇದ್ದೇ ಇತ್ತು. ಅದರ ಜೊತೆಗೆ ಜೆಂಕಿನ್‌ಸನ್ ಕೈಯಲ್ಲಿ ಒಂದು ಚಿಕ್ಕ ಅಲ್ಯೂಮಿನಿಯಂ ಪೆಟ್ಟಿಗೆ ಇತ್ತು. ಅದರೊಳಗೆ ಸುಮಾರು ಐದು ಮೀಟರ್ ಉದ್ದದ ಕಾಗದದ ಸುರುಳಿ. ರೇಸಿಗೆ ಮೊದಲೇ ಇಬ್ಬರೂ ಆ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿ, ಯಾವ ತಿರುವು ಎಷ್ಟು ಅಪಾಯ, ಯಾವ ಏರಿನ ಆಚೆ ರಸ್ತೆ ನೇರವಿದೆ, ಎಲ್ಲಿ ಗುಂಡಿ, ಎಲ್ಲಿ ರೈಲ್ವೆ ಗೇಟು ಎಂದು ಬರೆದುಕೊಂಡಿದ್ದರು. ಎಂಜಿನ್ ಸದ್ದಿಗೆ ಮಾತು ಕೇಳುವಂತಿರಲಿಲ್ಲ. ಅದಕ್ಕೇ ಕೈಸನ್ನೆಗಳನ್ನು ಕಲಿತಿದ್ದರು. ಜೆಂಕಿನ್‌ಸನ್ ಸುರುಳಿ ತಿರುಗಿಸುತ್ತ ಸನ್ನೆ ಮಾಡುವುದು, ಮಾಸ್ ಅದನ್ನು ನಂಬಿ ಓಡಿಸುವುದು.

ಜೆಂಕಿನ್‌ಸನ್ ಆಮೇಲೆ ಬರೆದ ವರದಿಯನ್ನು ನಾನು ಎಷ್ಟು ಸಲ ಓದಿದ್ದೇನೋ. ಎದುರಿಗೆ ಏರು, ಆಚೆ ಏನಿದೆ ಎಂದು ಕಾಣುವುದಿಲ್ಲ. ಅವರು ಸನ್ನೆ ಮಾಡುತ್ತಾರೆ: ನೇರ ಇದೆ, ಹೋಗು. ಗಂಟೆಗೆ 270 ಕಿ.ಮೀ. ಸುಮಾರಿನಲ್ಲಿ ಮಾಸ್ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವುದಿಲ್ಲ. ಕಾರು ನೆಲ ಬಿಟ್ಟು ಹಾರಿ ನೇರವಾಗಿ ಇಳಿಯುತ್ತದೆ. ದಾರಿಯಲ್ಲಿ ವಾಂತಿ ಬಂದು ಹೊರಗೆ ಬಗ್ಗಿದಾಗ ಜೆಂಕಿನ್‌ಸನ್ ಕನ್ನಡಕ ಗಾಳಿಗೆ ಹಾರಿಹೋಯಿತು. ಇನ್ನೊಂದು ಜೊತೆ ಇಟ್ಟುಕೊಂಡಿದ್ದರು!

ನನ್ನ ಅಪ್ಪ ಲಾರಿ ಚಾಲಕ. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಇಪ್ಪತ್ತು ವರ್ಷ ಓಡಾಡಿದ್ದಾರೆ. ದೋಣಿಗಾಲ್ ಆದ ಮೇಲೆ ಎಲ್ಲಿ ಗೇರ್ ಇಳಿಸಬೇಕು, ಮಾರನಹಳ್ಳಿಯ ಬಳಿ ಮಳೆಗಾಲದಲ್ಲಿ ಎಲ್ಲಿ ನೀರು ಹರಿಯುತ್ತದೆ, ಗುಂಡ್ಯ ತಲುಪುವಷ್ಟರಲ್ಲಿ ಬ್ರೇಕ್ ಎಷ್ಟು ಬಿಸಿಯಾಗಿರುತ್ತದೆ ಎಲ್ಲವೂ ಅವರಿಗೆ ಬಾಯಿಪಾಠ. ಅವರ ತಲೆಯಲ್ಲೂ ಒಂದು ಸುರುಳಿ ಇದೆ. ನನ್ನ ಕೈಯಲ್ಲಿ ಇದ್ದದ್ದು ಮೊಬೈಲ್. ಜೆಂಕಿನ್‌ಸನ್ ಕೂತಿದ್ದ ಜಾಗದಲ್ಲೇ ನಾನೂ ಕೂತಿದ್ದೆ. ಅವರು ರಸ್ತೆ ನೋಡುತ್ತಿದ್ದರು, ನಾನು ಮೀಟರ್ ನೋಡುತ್ತಿದ್ದೆ.

ಆ ದಿನದ ಲೆಕ್ಕವನ್ನು ಆಮೇಲೆ ಕೂತು ಮಾಡಿದೆ. 118 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 33 ಮೀಟರ್. ಕಣ್ಣು ಕಂಡದ್ದು ತಲೆಗೆ ಹೋಗಿ ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕೆಂದರೂ 33 ಮೀಟರ್ ಮುಗಿಯಿತು. ಆ ಮೇಲೆ ಬೈಕ್ ಪೂರ್ತಿ ನಿಲ್ಲಲು, ರಸ್ತೆ ಒಣಗಿದ್ದರೂ, ಇನ್ನೂ 70-80 ಮೀಟರ್. ಒಟ್ಟು ನೂರು ಮೀಟರ್‌ಗೂ ಹೆಚ್ಚು. ಆ ಮಂಜಿನಲ್ಲಿ ನಮಗೆ 30 ಮೀಟರ್ ಆಚೆ ಏನೂ ಕಾಣುತ್ತಿರಲಿಲ್ಲ. ಮೊದಲ ಸೆಮಿಸ್ಟರ್ ಹುಡುಗನೂ ಮಾಡಬಹುದಾದ ಲೆಕ್ಕ ಇದು.

ಹಾಗಾದರೆ ತಯಾರಿ ಇದ್ದರೆ ರಸ್ತೆಯಲ್ಲಿ ರೇಸ್ ಮಾಡಬಹುದೇ? ಮಾಸ್ ಗೆಲುವಿನ ಕಥೆಯನ್ನು ಅಲ್ಲಿಗೇ ನಿಲ್ಲಿಸಿದರೆ ಹಾಗೆಯೇ ಅನಿಸುತ್ತದೆ. ನಾವು ನೋಡುವ ವಿಡಿಯೊಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ. ಆದರೆ ಕಥೆ ಮುಂದಿದೆ.

ಆ ಗೆಲುವಾಗಿ ಆರು ವಾರ ಕೂಡ ಕಳೆದಿರಲಿಲ್ಲ. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್‌ನಲ್ಲಿ 24 ಗಂಟೆಗಳ ರೇಸ್. ಮುಂದಿದ್ದ ಜಾಗ್ವಾರ್ ಕಾರು ಪಿಟ್‌ಗೆ ಹೋಗಲು ಬ್ರೇಕ್ ಹಾಕಿತು. ಅದಕ್ಕೆ ಆಗಿನ್ನೂ ಹೊಸದಾದ ಡಿಸ್ಕ್ ಬ್ರೇಕ್ ಇದ್ದುದರಿಂದ ಬಹುಬೇಗ ನಿಧಾನವಾಯಿತು. ಹಿಂದಿದ್ದ ಕಾರು ತಪ್ಪಿಸಿಕೊಳ್ಳಲು ಪಕ್ಕಕ್ಕೆ ಎಳೆಯಿತು. ಅದರ ಹಿಂದೆ ಬರುತ್ತಿದ್ದ ಪಿಯರ್ ಲೆವೆಗ್ ಅವರ ಮರ್ಸಿಡಿಸ್ ಅದರ ಮೇಲೆ ಹತ್ತಿ, ಹಾರಿ, ಬದಿಯ ದಿಬ್ಬಕ್ಕೆ ಬಡಿದು ಚೂರಾಯಿತು. ಆ ಚೂರುಗಳು ನೋಡುತ್ತ ನಿಂತಿದ್ದ ಜನರ ಮೇಲೆ ಬಿದ್ದವು. ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಲೆವೆಗ್ ಕೂಡ ಉಳಿಯಲಿಲ್ಲ. ಆ ಕಾರು, ನನ್ನ ಗೋಡೆಯ ಮೇಲಿರುವ ಕಾರು, ಎರಡೂ ಒಂದೇ ಮಾದರಿ. ಆ ಅಧ್ಯಾಯ ಓದಿದ್ದರೂ ನಾನು ಮರೆತಂತೆ ಇದ್ದೆ.

ಎರಡು ವರ್ಷದ ನಂತರ, 1957ರ ಮೇ 12. ಮಿಲ್ಲೆ ಮಿಲ್ಯಾದಲ್ಲಿ ಗುರಿಗೆ ಇನ್ನು ಒಂದು ಗಂಟೆಯ ದಾರಿಯೂ ಉಳಿದಿರಲಿಲ್ಲ. ಗ್ವಿದಿತ್ಸೊಲೊ ಎಂಬ ಊರಿನ ಹತ್ತಿರ, ನೇರವಾದ ರಸ್ತೆಯಲ್ಲಿ, ಸ್ಪೇನಿನ ಆಲ್ಫೊನ್ಸೊ ಡಿ ಪೋರ್ತಾಗೊ ಓಡಿಸುತ್ತಿದ್ದ ಫೆರಾರಿಯ ಟೈರ್ ಒಡೆಯಿತು. ಪೋರ್ತಾಗೊ, ಅವರ ಪಕ್ಕದಲ್ಲಿದ್ದ ಎಡ್ಮಂಡ್ ನೆಲ್ಸನ್, ರಸ್ತೆ ಬದಿಯಲ್ಲಿ ನಿಂತಿದ್ದ ಒಂಬತ್ತು ಮಂದಿ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಕಾರು ತಯಾರಿಸಿದ ಎಂಜೊ ಫೆರಾರಿ ಮೇಲೆ ಮೊಕದ್ದಮೆ ನಡೆದು, ನಾಲ್ಕು ವರ್ಷಗಳ ನಂತರ ಅವರು ನಿರ್ದೋಷಿ ಎಂದಾಯಿತು. ಆದರೆ ಸಾವಿರ ಮೈಲಿಯ ಆ ವೇಗದ ರೇಸ್ ಅಲ್ಲಿಗೆ ಮುಗಿಯಿತು. ಆ ವರ್ಷ ಗೆದ್ದವರು ಪಿಯೆರೊ ತರುಫಿ. ಒಮ್ಮೆ ಗೆದ್ದರೆ ರೇಸ್ ಬಿಡುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದರು. ಗೆದ್ದರು, ಬಿಟ್ಟರು.

'ಅಪಾಯ ಗೊತ್ತಿದ್ದೇ ಹೋಗ್ತಿದ್ರು ಮಗಾ, ಅದೇ ಗಂಡೆದೆ' ಎಂದು ನಮ್ಮ ಹಾಸ್ಟೆಲ್‌ನಲ್ಲಿ ಹೇಳುವವರಿದ್ದಾರೆ. ನಾನೂ ಹೇಳುತ್ತಿದ್ದೆ. ಪೋರ್ತಾಗೊ ಮಟ್ಟಿಗೆ ಆ ಮಾತು ನಿಜ. ಅವರು ಒಪ್ಪಿ ಕೂತಿದ್ದರು. ಆ ಐದು ಮಕ್ಕಳು ಯಾವುದಕ್ಕೂ ಒಪ್ಪಿರಲಿಲ್ಲ. ಕಾರು ನೋಡಲು ಮನೆಯಿಂದ ಹೊರಗೆ ಬಂದಿದ್ದರು ಅಷ್ಟೆ. ಜೆಂಕಿನ್‌ಸನ್ ಸುರುಳಿಯಲ್ಲಿ ತಿರುವುಗಳಿದ್ದವು, ಗುಂಡಿಗಳಿದ್ದವು. ರಸ್ತೆ ಬದಿಯಲ್ಲಿ ಯಾವ ಮಗು ಎಲ್ಲಿ ನಿಂತಿರುತ್ತದೆ ಎಂದು ಯಾವ ಸುರುಳಿಯಲ್ಲೂ ಬರೆಯಲು ಸಾಧ್ಯವಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಯಾರು ಯಾವಾಗ ರಸ್ತೆಗೆ ಬರುತ್ತಾರೆ ಎಂದು ಕೂಡ. ಮಾಸ್ ನನಗೆ ಇಂದಿಗೂ ಹೀರೊ. ಆದರೂ ಆ ರೇಸ್ ನಿಲ್ಲಿಸಿದ್ದು ಸರಿ.

ಈ ಕಥೆಯಲ್ಲಿ ನಮ್ಮಂಥವರು ನೆನಪಿಡಬೇಕಾದ ಇನ್ನೊಬ್ಬ ಚಾಲಕರಿದ್ದಾರೆ, ಅಮೆರಿಕದ ಜಾನ್ ಫಿಚ್. ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನ ಹಾರಿಸಿದವರು. ದಾರಿಯ ವಿವರ ಬರೆದುಕೊಂಡು ಹೋಗುವ ಉಪಾಯವನ್ನು ಜೆಂಕಿನ್‌ಸನ್ ಮೊದಲು ಚರ್ಚಿಸಿದ್ದೇ ಇವರ ಜೊತೆ. ಮಾಸ್ ಕಾರಿಗೆ ಗೆಲ್ಲುವ ಅವಕಾಶ ಹೆಚ್ಚು ಎಂದು ಫಿಚ್ ಜೆಂಕಿನ್‌ಸನ್ ಅವರನ್ನು ಬಿಟ್ಟುಕೊಟ್ಟರು. ಆ ರೇಸಿನಲ್ಲಿ ಫಿಚ್ ಬೇರೆ ಮರ್ಸಿಡಿಸ್ ಓಡಿಸಿ ಐದನೆಯವರಾದರು. ಲ ಮಾನ್‌ನಲ್ಲಿ ಲೆವೆಗ್ ಅವರ ಕಾರನ್ನು ಸರದಿಯ ಮೇಲೆ ಓಡಿಸಬೇಕಾಗಿದ್ದವರೂ ಇವರೇ. ತಮ್ಮ ಸರದಿಗಾಗಿ ಕಾಯುತ್ತಿದ್ದರು. ಆ ಕಾರು ಮತ್ತೆ ಬರಲಿಲ್ಲ.

ಫಿಚ್ ಮುಂದೆ ಏನು ಮಾಡಿದರು ಗೊತ್ತೇ? ಹೆದ್ದಾರಿಯಲ್ಲಿ ಸೇತುವೆಯ ಕಂಬಕ್ಕೋ, ರಸ್ತೆ ಕವಲೊಡೆಯುವ ಕಡೆಯ ಕಾಂಕ್ರೀಟ್ ಗೋಡೆಗೋ ಕಾರು ಗುದ್ದಿದರೆ ಒಳಗಿದ್ದವರು ಉಳಿಯುವುದು ಕಷ್ಟ. ಅದರ ಮುಂದೆ ಮರಳು ತುಂಬಿದ ಪ್ಲಾಸ್ಟಿಕ್ ಡ್ರಮ್‌ಗಳನ್ನು ಸಾಲಾಗಿ ಇಡುವ ವ್ಯವಸ್ಥೆ ರೂಪಿಸಿದರು. ಯುದ್ಧಕಾಲದಲ್ಲಿ ಗುಂಡಿನಿಂದ ರಕ್ಷಣೆಗೆ ಡೇರೆಯ ಸುತ್ತ ಮರಳು ತುಂಬಿದ ಡಬ್ಬಿ ಜೋಡಿಸುತ್ತಿದ್ದ ನೆನಪೇ ಇದಕ್ಕೆ ಮೂಲ. ತಾವೇ ಕಾರು ಓಡಿಸಿ, ತಾವೇ ಡಿಕ್ಕಿ ಹೊಡೆದು ಪರೀಕ್ಷೆ ಮಾಡಿದರು. 1960ರ ದಶಕದ ಕೊನೆಯಿಂದ ಅಮೆರಿಕದ ಹೆದ್ದಾರಿಗಳಲ್ಲಿ ಇವು ಬಂದವು. ಇವತ್ತಿಗೂ ಇವೆ.

ಇದರ ಗುಟ್ಟು ಪಿಯುಸಿಯಲ್ಲಿ ಓದಿದ ಸಂವೇಗ ಸಂರಕ್ಷಣೆಯೇ. ಮುಂದಿನ ಡ್ರಮ್‌ನಲ್ಲಿ ಕಡಿಮೆ ಮರಳು, ಹಿಂದೆ ಹೋದಂತೆ ಹೆಚ್ಚು. ಸಾವಿರ ಕೆ.ಜಿ. ತೂಕದ ಕಾರು 90 ಕಿ.ಮೀ. ವೇಗದಲ್ಲಿ ಬಂತು ಎನ್ನಿ. 100 ಕೆ.ಜಿ. ಮರಳಿಗೆ ಗುದ್ದಿದಾಗ ವೇಗ 82ಕ್ಕೆ ಇಳಿಯುತ್ತದೆ. 200 ಕೆ.ಜಿ.ಗೆ ಗುದ್ದಿದಾಗ 68, ಮುಂದೆ 300 ಕೆ.ಜಿ.ಗೆ 52, 600 ಕೆ.ಜಿ.ಗೆ 33. ಒಂದೇ ಏಟಿಗೆ ನಿಲ್ಲುವ ಬದಲು ಕಂತಿನಲ್ಲಿ ನಿಲ್ಲುತ್ತದೆ. ಒಳಗಿದ್ದವರು ಬದುಕುತ್ತಾರೆ. ಇಷ್ಟು ಸರಳವಾದ ಲೆಕ್ಕದಿಂದ ಎಷ್ಟೊಂದು ಮನೆಗಳ ದೀಪ ಉಳಿದಿದೆ! ಫಿಚ್ 2012ರಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ವಿಡಿಯೊವನ್ನು ಯಾರೂ ಸ್ಟೇಟಸ್‌ಗೆ ಹಾಕುವುದಿಲ್ಲ.

ಆ ಕಾಲದ ಚಾಲಕರಿಂದ ನಾವು ತೆಗೆದುಕೊಂಡದ್ದು ವೇಗ ಮಾತ್ರ. ತಿಂಗಳುಗಟ್ಟಲೆ ಮಾಡಿದ ತಯಾರಿಯನ್ನು ಬಿಟ್ಟೆವು. ತಪ್ಪಿನಿಂದ ಅವರು ಕಲಿತದ್ದನ್ನೂ ಬಿಟ್ಟೆವು. ಇಂದಿನ ಮಿಲ್ಲೆ ಮಿಲ್ಯಾದಲ್ಲಿ ಅದೇ ಹಳೆಯ ಮಾದರಿಯ ಕಾರುಗಳು ಓಡುತ್ತವೆ, ಆದರೆ ಯಾರು ವೇಗವಾಗಿ ಬಂದರು ಎಂದು ನೋಡುವುದಿಲ್ಲ, ಕೊಟ್ಟ ಸಮಯಕ್ಕೆ ಯಾರು ಕರಾರುವಾಕ್ಕಾಗಿ ಬಂದರು ಎಂದು ನೋಡುತ್ತಾರೆ. ವೇಗ ಬೇಕೇ ಬೇಕು ಎನ್ನುವವರಿಗೆ ಚೆನ್ನೈ ಬಳಿ, ಕೊಯಮತ್ತೂರಿನಲ್ಲಿ ಟ್ರ್ಯಾಕ್‌ಗಳಿವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಕಾರು ಕಟ್ಟಿ ಓಡಿಸುವ ಬಾಹಾ, ಫಾರ್ಮುಲಾ ಭಾರತ್ ಸ್ಪರ್ಧೆಗಳಿವೆ. ಖರ್ಚಾಗುತ್ತದೆ, ದೂರವಿದೆ ಎಂಬುದು ನಿಜ. ಹಾಗೆಂದು ಹಾಲಿನವರು ಓಡಾಡುವ ರಸ್ತೆಯನ್ನು ನಾವು ಪುಕ್ಕಟೆ ಟ್ರ್ಯಾಕ್ ಮಾಡಿಕೊಳ್ಳಲಾಗದು. ಕಾಲೇಜುಗಳೂ ಹೆಲ್ಮೆಟ್ ಜಾಗೃತಿಯ ಬ್ಯಾನರ್ ಕಟ್ಟಿ ಸುಮ್ಮನಾಗದೆ, ಇಂಥ ತಂಡಗಳಿಗೆ ಒಂದು ವರ್ಕ್‌ಶಾಪ್ ಮೂಲೆಯನ್ನಾದರೂ ಕೊಡಲಿ.

ಮೂರು ವಾರದ ನಂತರ ನಾನು ಆ ಹಾಲಿನವರನ್ನು ಹುಡುಕಿಕೊಂಡು ಹೋದೆ. ಬೈಪಾಸ್ ಪಕ್ಕದ ಊರಿನ ಡೇರಿ ಮುಂದೆ ಸಿಕ್ಕರು. ಮೊಣಕೈ ಮೇಲೆ ಗಾಯ ಒಣಗಿತ್ತು. ನಾನೇ ಎಂದು ಹೇಳಿ, ಚೆಲ್ಲಿದ ಹಾಲಿಗೆ ಎಂದು ಐನೂರು ರೂಪಾಯಿ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ.

'ನಿಮ್ಮಪ್ಪ ಏನ್ ಮಾಡ್ತಾರಪ್ಪ?' ಎಂದು ಕೇಳಿದರು.

'ಲಾರಿ ಓಡಿಸ್ತಾರೆ.'

'ಹಂಗಾದ್ರೆ ನಿಂಗೆ ಗೊತ್ತಿರ್ಬೇಕಿತ್ತಲ್ಲಪ್ಪ' ಎಂದಷ್ಟೇ ಹೇಳಿ ಕ್ಯಾನು ಕಟ್ಟತೊಡಗಿದರು.

ಅಪ್ಪನಿಗೆ ಈ ವಿಷಯ ಇನ್ನೂ ಹೇಳಿಲ್ಲ. ಅವರು ದಿನಾ ಪತ್ರಿಕೆ ಓದುತ್ತಾರೆ. ಇದು ಅಚ್ಚಾದರೆ ಗೊತ್ತಾಗುತ್ತದೆ. ಗೆಳೆಯರ ಗ್ರೂಪ್‌ನಲ್ಲಿ 'ಭಾನುವಾರ ಐದಕ್ಕೆ ಬೈಪಾಸ್' ಎಂದು ಮೆಸೇಜ್ ಬಂದಿದೆ. ಬರುವುದಿಲ್ಲ ಎಂದು ಬರೆದಿದ್ದೇನೆ, ಯಾಕೆ ಎಂದೂ ಬರೆದಿದ್ದೇನೆ. ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. 722ರ ಚಿತ್ರ ಗೋಡೆಯ ಮೇಲೆ ಹಾಗೇ ಇದೆ. ಅದರ ಪಕ್ಕದಲ್ಲಿ ಮರಳಿನ ಡ್ರಮ್‌ಗಳ ಒಂದು ಚಿತ್ರ ಅಂಟಿಸಿದ್ದೇನೆ.